ಗುತ್ತಿಗೆಗೆ ಕೊಟ್ಟ ಹೆಸರು

ಒಟ್ಟು ಎರಡು ಸಾವಿರದ ನೂರು ರೂಪಾಯಿ ಆಯಿತು. ಸ್ಟಾಂಪ್ ಪೇಪರಿಗೆ ಐನೂರು. ಫೋರ್ಟ್ ಬಡಾವಣೆಯಲ್ಲಿ ಅದನ್ನು ಟೈಪು ಮಾಡಿ ನೋಟರಿಯ ಮುದ್ರೆ ಹಾಕಿಸಿ ಕೊಟ್ಟವನಿಗೆ ಸಾವಿರದ ಇನ್ನೂರು (ಎರಡು ಸಾವಿರ ಎಂದಿದ್ದ, ಎದ್ದು ಬಾಗಿಲವರೆಗೆ ನಡೆದು ಇಳಿಸಿದೆ). ಉಳಿದದ್ದು ಟ್ಯಾಕ್ಸಿ, ಝೆರಾಕ್ಸು, ಚಹಾ. ಇಷ್ಟನ್ನು ತೆತ್ತು ನಾನು ಕೊಂಡದ್ದು ‘ಹೌದು’ ಎಂಬ ಒಂದೇ ಶಬ್ದವನ್ನು. ಅದೇ ಬೆಲೆಗೆ ‘ಇಲ್ಲ’ವೂ ಸಿಗುತ್ತಿತ್ತು. ಚೌಕಾಸಿಯಲ್ಲೇ ಬದುಕು ಕಟ್ಟಿಕೊಂಡ ನಾನು ಲಾಭದ ಶಬ್ದವನ್ನು ಬಿಟ್ಟು ನಷ್ಟದ ಶಬ್ದವನ್ನು ಏಕೆ ಆರಿಸಿದೆ ಎಂಬುದನ್ನು ಹೇಳಬೇಕಾದರೆ, ನೀವು ನನ್ನೊಡನೆ ಊರಿನ ಇನ್ನೊಂದು ತುದಿಯ ದಹಿಸರದವರೆಗೆ ಬರಬೇಕಾಗುತ್ತದೆ.

ವಿಕ್ರೋಳಿಯ ಕಾರ್ಖಾನೆಯೊಂದರ ಕ್ಯಾಂಟೀನಿಗೆ ನಾನು ಗುತ್ತಿಗೆದಾರ. ಉಡುಪಿ ಕಡೆಯಿಂದ ಬಂದು ಲೋಟ ತೊಳೆದು ಮೇಲೆ ಬಂದವನು ಎಂದರೆ ಈ ಊರಿನ ನಮ್ಮವರಲ್ಲಿ ಅರ್ಧ ಜನರ ಆತ್ಮಚರಿತ್ರೆ ಮುಗಿದಂತೆಯೇ, ಆದ್ದರಿಂದ ಅದನ್ನು ಬಿಡುತ್ತೇನೆ. ಈ ವರ್ಷ ಗುತ್ತಿಗೆಯ ನವೀಕರಣವನ್ನು ಕಾರ್ಖಾನೆಯವರು ಒಂದು ಏಜೆನ್ಸಿಗೆ ವಹಿಸಿದರು. ಏಜೆನ್ಸಿಯು ಹದಿನಾಲ್ಕು ಪುಟಗಳ ಫಾರಮು ಕಳುಹಿಸಿತು. ಸಾಂಬಾರಿನ ರುಚಿಯ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಹನ್ನೊಂದನೆಯ ಪುಟದಲ್ಲಿ ಮಾತ್ರ ನನ್ನ ಅಪರಾಧಗಳ ಪೂರ್ವಚರಿತ್ರೆಯನ್ನು ಕೇಳಿದ್ದರು, ಉತ್ತರವನ್ನು ಸ್ಟಾಂಪ್ ಪೇಪರಿನ ಮೇಲೆ ಪ್ರಮಾಣಪತ್ರವಾಗಿ ಕೊಡಬೇಕಿತ್ತು. ಫಾರಮು ತುಂಬುತ್ತಿದ್ದವಳು ಮಗಳು ನಿಶಾ.

“ಪಪ್ಪಾ, ಕೋರ್ಟಲ್ಲಿ ಕಭೀ ಸಜಾ, ದಂಡ... ಆಗಿತ್ತಾ? ಯೆಸ್ ಯಾ ನೋ?”

“ಸ್ವಲ್ಪ ಅಂತ ಹಾಕ್ಲಿಕ್ಕೆ ಆಗ್ತದಾ?”

“ಸ್ವಲ್ಪ ಕಾ ಆಪ್ಷನ್ ನಹೀ ಹೈ, ಪಪ್ಪಾ.”

ಇತ್ತು, ಸ್ವಲ್ಪ. ಫೋರ್ಟಿನಲ್ಲಿ ನನಗೆ ಚಿಕ್ಕದೊಂದು ಹೋಟೆಲಿದ್ದ ಕಾಲದಲ್ಲಿ ಒಲೆಯನ್ನು ಫುಟ್‌ಪಾತಿಗೆ ಸರಿಸಿದ್ದು, ಹೊತ್ತು ಮೀರಿ ಬಾಗಿಲು ತೆರೆದಿಟ್ಟದ್ದು ಇಂಥ ಕ್ಷುದ್ರಾಪರಾಧಗಳಿಗೆ ಕೋರ್ಟಿನ ಕರೆ ಬರುತ್ತಿತ್ತು. ಊಟದ ಹೊತ್ತಿನಲ್ಲಿ ಗಲ್ಲಾ ಬಿಟ್ಟು ಏಳುವ ಮಾಲೀಕನುಂಟೇ? ಆದ್ದರಿಂದ ನಮ್ಮಲ್ಲಿ ಕೆಲವರು ನಂಬಿಕೆಯ ಒಬ್ಬನನ್ನು ನಮ್ಮ ಹೆಸರಿನಲ್ಲಿ ಕಳುಹಿಸುತ್ತಿದ್ದೆವು. ಹೆಸರು ಕೂಗಿದೊಡನೆ ಅವನು ಎದ್ದು ‘ಹಾಜರ್’ ಎನ್ನಬೇಕು, ಕೈ ಮುಗಿದು ‘ಗುನ್ಹಾ ಕಬೂಲ್’ ಎಂದು ತಪ್ಪೊಪ್ಪಿಕೊಳ್ಳಬೇಕು, ಮಾಲೀಕನ ಹೆಸರು ಬರೆದು ಸಹಿ ಹಾಕಿ, ದಂಡ ಕಟ್ಟಿ, ರಶೀದಿ ತರಬೇಕು. ಆಧಾರ್ ಕಾರ್ಡು, ಫೋಟೋ ಯಾವುದೂ ಇಲ್ಲದ ಕಾಲ. ಪಾತ್ರೆ ತೊಳೆಯುವುದನ್ನು ಉಪಗುತ್ತಿಗೆಗೆ ಕೊಟ್ಟವರನ್ನು ನೀವು ಕಂಡಿರಬಹುದು. ನಾನು ಪಾಪವನ್ನೇ ಉಪಗುತ್ತಿಗೆಗೆ ಕೊಟ್ಟಿದ್ದೆ.

ಆ ಉಪಗುತ್ತಿಗೆಯನ್ನು ಹಿಡಿದವನು ನನ್ನ ಮೇನೇಜರ್ ಸಂಜೀವಣ್ಣ. ಆರು ಸಲ ಹೋದ. ಮೊದಲ ಸಲ ಅವನನ್ನು ಎದುರಿಗೆ ನಿಲ್ಲಿಸಿ, ‘ಭುಜಂಗ’ ಎಂದು ನನ್ನದೇ ಹೆಸರನ್ನು ಮತ್ತೆ ಮತ್ತೆ ಕೂಗಿ, ತಡವರಿಸದೆ ಏಳುವ ಅಭ್ಯಾಸ ಮಾಡಿಸಿದ್ದೆ. ಆಮೇಲೆ ಹೋಟೆಲಿನಲ್ಲಿ ಯಾರು ‘ಭುಜಂಗಣ್ಣ’ ಎಂದರೂ ಎರಡು ತಲೆಗಳು ಒಟ್ಟಿಗೆ ತಿರುಗುತ್ತಿದ್ದವು. ಗಿರಾಕಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

‘ಹೌದು’ ಎಂದರೆ ಗುತ್ತಿಗೆ ಹೋಗಬಹುದು, ಅದರೊಂದಿಗೆ ಮೂವತ್ತು ಮಂದಿಯ ಕೆಲಸವೂ. ‘ಇಲ್ಲ’ ಎಂದು ಆಮೇಲೆ ಸಿಕ್ಕಿಬಿದ್ದರೆ ಇನ್ನೆಲ್ಲಿಯೂ ಗುತ್ತಿಗೆ ಸಿಗದು. ನನ್ನ ವ್ಯಾಪಾರಿ ಬುದ್ಧಿ ಮೂರನೆಯ ದಾರಿಯೊಂದನ್ನು ಹುಡುಕಿತು: ಕೋರ್ಟಿನಲ್ಲಿ ನಿಂತವನು ನಾನಲ್ಲವಲ್ಲ! ‘ಭುಜಂಗನಿಗೆ ತಿಳಿಯದಂತೆ ಅವನ ಹೆಸರಿನಲ್ಲಿ ನಿಂತವನು ನಾನು’ ಎಂದು ಸಂಜೀವಣ್ಣನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ನಾನು ನಿಷ್ಕಳಂಕ. ಕಾಗದವನ್ನೂ ಒಂದು ಕಿಲೋ ಮಿಠಾಯಿಯನ್ನೂ ಹಿಡಿದು, ಅವನ ಮುಖ ನೋಡದೆ ಹನ್ನೆರಡು ವರ್ಷಗಳಾದ ಮೇಲೆ, ದಹಿಸರದ ಅವನ ಮನೆಗೆ ಹೋದೆ.

ಬೆಳಗಿನ ಹನ್ನೊಂದು ಗಂಟೆ. ಇಸ್ತ್ರಿಯ ಬಿಳಿ ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿ, ಬಾಗಿಲಿಗೆ ಎದುರಾಗಿ ಕುರ್ಚಿಯ ತುದಿಯಲ್ಲಿ ಅವನು ಕುಳಿತಿದ್ದ. ನನ್ನನ್ನು ನೋಡಿದ, ಗುರುತಿಸಲಿಲ್ಲ. ಬೆಲೆ ಹೇಳುವ ಮೊದಲು ಎಡಕಿವಿಯನ್ನು ಹಿಂಡಿಕೊಳ್ಳುವುದು ನನ್ನ ಚಟ. ಅವನು ಎಡಕಿವಿಯನ್ನು ಹಿಂಡಿಕೊಳ್ಳುತ್ತಿದ್ದ. ನನ್ನ ಕೈಯೂ ಕಿವಿಯ ಮೇಲಿದ್ದುದು ಆಮೇಲೆ ತಿಳಿದು, ಮೆಲ್ಲಗೆ ಇಳಿಸಿದೆ.

“ದಿನಾ ಹೀಗೇ,” ಎಂದಳು ಅವನ ಹೆಂಡತಿ ಸುಮತಿಯಕ್ಕ. “ಕೋರ್ಟಿಗೆ ಹೊತ್ತಾಯ್ತು ಅಂತ ಕೂತುಬಿಡ್ತಾರೆ. ಮರೆವಿನ ಕಾಯಿಲೆ. ನೀವು ಈ ಕಡೆ ತಲೆಹಾಕದಿದ್ರೆ ನಿಮಗೆ ಹೇಗೆ ಗೊತ್ತಾಗ್ಬೇಕು, ಭುಜಂಗಣ್ಣ?”

ಹೆಸರು ಬಿದ್ದದ್ದೇ ತಡ, ಸಂಜೀವಣ್ಣ ಎದ್ದು ನಿಂತ. ಕೈ ಮುಗಿದ.

“ಹಾಜರ್ ಸಾಬ್. ಗುನ್ಹಾ ಕಬೂಲ್.”

ದನಿ ಅವನದಲ್ಲ. ಮೂವತ್ತು ವರ್ಷಗಳ ಹಿಂದೆ ಗಲ್ಲಾದ ಹಿಂದೆ ಕೂತು ಗಿರಾಕಿಗಳನ್ನು ಕರೆಯುತ್ತಿದ್ದ ನನ್ನ ದನಿ, ಅದೇ ಮೂಗುರಾಗದೊಂದಿಗೆ. ಈಗ ನನ್ನಲ್ಲೇ ಉಳಿದಿಲ್ಲದ ದನಿ.

“ನೀವು ಯಾರು?” ಎಂದು ಅವನು ಕೇಳಿದ.

ಆ ದನಿಯ ಎದುರಿಗೆ ನನ್ನ ಹೆಸರನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ. “ಸಂಜೀವ,” ಎಂದುಬಿಟ್ಟೆ.

“ಓ, ಸಂಜೀವನಾ? ಕೂತ್ಕೋ ಮಾರಾಯ.” ನನ್ನ ಹೆಗಲಿನ ಮೇಲೆ ಕೈಯಿಟ್ಟ. “ನನಗೋಸ್ಕರ ಎಷ್ಟು ಸಲ ಅಂತ ನಿಂತಿ ನೀನು, ಕಳ್ಳರ ಸಾಲಲ್ಲಿ! ಇನ್ನು ನೀನು ಹೋಗುದು ಬೇಡ. ನನ್ನ ತಪ್ಪು, ನಾನೇ ಹೋಗ್ತೇನೆ.”

ನಾನು ಒಮ್ಮೆಯೂ ಆಡದ ಮಾತನ್ನು ನಾನು ಹೀಗೆ ಕೇಳಿಸಿಕೊಂಡೆ.

ಕಾಗದವನ್ನು ಜೇಬಿನಿಂದ ಹೊರಗೆ ತೆಗೆಯಬಾರದಿತ್ತು. ಕೈಗೆ ಬುದ್ಧಿಗಿಂತ ಅಭ್ಯಾಸ ಹೆಚ್ಚು, ತೆಗೆದೆ. ಅವನು ಓದದೆಯೇ ಸಹಿ ಹಾಕಿದ: ‘ಭುಜಂಗ’ ಎಂದು, ನನ್ನ ಅಕ್ಷರಕ್ಕಿಂತ ದುಂಡಾಗಿ. ಹೊರಡುವಾಗ ಸುಮತಿಯಕ್ಕ ಒಂದು ಬಿಸ್ಕತ್ತಿನ ಡಬ್ಬಿಯನ್ನು ಕೈಗಿಟ್ಟಳು. ಒಳಗೆ, ಲೆಕ್ಕ ನೋಡಿ ನಾನು ಅವನಿಗೇ ಮರಳಿಸಿದ್ದ ಆರು ದಂಡದ ರಶೀದಿಗಳಿದ್ದವು.

ಮರುದಿನ ಫೋರ್ಟಿಗೆ ಹೋಗಿ ‘ಹೌದು’ ಎಂದು ಬರೆಸಿ, ಆರನ್ನೂ ಲಗತ್ತಿಸಿದೆ. ಕೋರ್ಟಿನಲ್ಲಿ ನಿಂತವನು ಯಾರು ಎಂಬುದನ್ನೂ, ಕಳುಹಿಸಿದವನು ನಾನೇ ಎಂಬುದನ್ನೂ ಕೊನೆಯಲ್ಲಿ ಸೇರಿಸಿದೆ. ಟೈಪಿನವನು ತಲೆಯೆತ್ತಿ ನನ್ನನ್ನು ಎರಡು ಸಲ ನೋಡಿದ. ವಾರದ ಮೇಲೆ ಏಜೆನ್ಸಿಯಿಂದ ಹುಡುಗಿಯೊಬ್ಬಳು ಫೋನು ಮಾಡಿ ನನ್ನ ಹೆಸರನ್ನು ಕೇಳಿದಳು. ಮನೆಯಲ್ಲಿ ಒಬ್ಬನೇ ಇದ್ದೆ. ಕುರ್ಚಿಯಿಂದ ಎದ್ದು ನಿಂತು ‘ಹಾಜರ್’ ಎಂದಿದ್ದೆ. ಮೂರು ವರ್ಷಕ್ಕೆ ಕೇಳಿದ್ದ ಗುತ್ತಿಗೆಯನ್ನು ಒಂದು ವರ್ಷಕ್ಕೆ ಇಳಿಸಿ ಕೊಟ್ಟರು. ನಾನು ಚೌಕಾಸಿ ಮಾಡಲಿಲ್ಲ.

ನೀವೂ ಗುತ್ತಿಗೆದಾರರಾಗಿದ್ದರೆ ಈ ಮಾತು ಕೇಳಿ. ಫಾರಮನ್ನು ಹನ್ನೊಂದನೆಯ ಪುಟದಿಂದ ಓದಲು ಆರಂಭಿಸಿ. ಸಣ್ಣ ದಂಡವನ್ನೂ ಮುಚ್ಚಿಡದೆ ಬರೆಯಿರಿ, ರಶೀದಿಯ ಝೆರಾಕ್ಸು ಎರಡಿರಲಿ. ನೋಟರಿಯ ಮುಂದೆ ಕೂತವನು ಎರಡು ಸಾವಿರ ಎಂದರೆ ಎದ್ದು ನಡೆಯಿರಿ, ಖಂಡಿತ ಕರೆಯುತ್ತಾನೆ. ಆದರೆ ಕೋರ್ಟಿನ ಕರೆ ಬಂದ ದಿನ ಗಲ್ಲಾಕ್ಕೆ ಬೀಗ ಹಾಕಿ ನೀವೇ ಹೋಗಿ. ನಿಮ್ಮ ಹೆಸರನ್ನು ಕೂಗಿದಾಗ ಎದ್ದು ನಿಲ್ಲುವವರು ನೀವೊಬ್ಬರೇ ಆಗಿರಬೇಕು.