ಶೆಟಗೇರಿಯ ಗಜನಿ ಕೊಳ್ಳಲು ಹೊರಟಿದ್ದು

ಅದಿರಿನ ಲಾರಿಗಳು ಹೆದ್ದಾರಿಯನ್ನೆಲ್ಲ ಕೆಂಪು ಮಾಡಿದ್ದ ವರ್ಷಗಳವು. ನಾನು ಕಾರವಾರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಜನಿ ಭೂಮಿ ಉಳಿಸಬೇಕೆಂದು ಏಳೆಂಟು ಜನ ಸೇರಿ ಕಟ್ಟಿಕೊಂಡಿದ್ದ ಸಣ್ಣ ಟ್ರಸ್ಟಿಗೆ ನಾನು ಅಧ್ಯಕ್ಷೆಯಾದದ್ದು ಯೋಗ್ಯತೆಯಿಂದಲ್ಲ. ಮೊದಲಿನ ಅಧ್ಯಕ್ಷರಿಗೆ ವರ್ಗವಾಗಿತ್ತು, ಸಭೆಯಲ್ಲಿ ಉಳಿದವರೆಲ್ಲ ನೆಲ ನೋಡುತ್ತ ಕೂತಿದ್ದರು. ಗಜನಿ ಎಂದರೆ ಹೊಳೆಯ ಉಪ್ಪುನೀರು ಏರಿಳಿಯುವ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ, ಉಳಿದ ದಿನ ಮೀನು, ಏಡಿ ಸಿಗುತ್ತವೆ. ಅಂಥ ಗದ್ದೆಗಳು ಒಂದೊಂದಾಗಿ ಸೀಗಡಿ ಸಾಕುವ ಕೆರೆಗಳಾಗುತ್ತಿದ್ದವು.

ನಮ್ಮ ಖಜಾಂಚಿಗೆ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ನೌಕರಿ, ಊರು ಅಂಕೋಲೆಯ ಕಡೆ. ಒಂದು ದಿನ ಅವರು ಸುದ್ದಿ ತಂದರು. ತಮ್ಮೂರಿನ ಹತ್ತಿರದ ಶೆಟಗೇರಿಯಲ್ಲಿ ಹೊಳೆಯಂಚಿನ ಗಜನಿಯೊಂದು ಮಾರಾಟಕ್ಕಿದೆ, ಸೀಗಡಿ ಕೆರೆಯವರು ಆಗಲೇ ಬಂದು ನೋಡಿ ಹೋಗಿದ್ದಾರೆ, ಮಳೆಗೆ ಮೊದಲು ನಾವೇ ಕೊಂಡುಬಿಡಬೇಕು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪಾಠ ಮಾಡುವಾಗಲೂ ಇನ್ನೆಷ್ಟು ವಾರ ಉಳಿಯಿತು ಎಂಬುದೇ ತಲೆಯಲ್ಲಿ.

ದೇಣಿಗೆ ಕೇಳುವುದು ನನಗೆ ಬರುತ್ತಿರಲಿಲ್ಲ. ಮೊದಲು ಹೋದದ್ದು ಬೈತಖೋಲ ಬಂದರಿನ ಟ್ರಾಲರ್ ಮಾಲೀಕರೊಬ್ಬರ ಹತ್ತಿರ. ಅವರ ಮಗಳು ನನ್ನ ವಿದ್ಯಾರ್ಥಿನಿ. ಮೀನು ಹರಾಜಿನ ಗದ್ದಲದ ಪಕ್ಕದಲ್ಲಿ ನಿಂತು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು, ಅದರ ಬುಡದಲ್ಲಿ ಬೆಳೆಯುವ ಮೀನಿನ ಮರಿ ಎಂದೆಲ್ಲ ಶುರು ಮಾಡಿದೆ. ಅವರು ಬಹಳ ಹೊತ್ತು ಕೇಳಿಸಿಕೊಂಡರು.

“ಅಕ್ಕೋರೇ, ಎಲ್ಲಾ ಸಮ. ನಿಮಗೆ ಎಂತ ಬೇಕು ಅಂತ ಇನ್ನೂ ಹೇಳ್ಲೇ ಇಲ್ಲ.”

“ದುಡ್ಡು,” ಅಂದೆ. ಕಿವಿ ಬಿಸಿಯಾಯಿತು.

“ಎಷ್ಟು?”

ಅದನ್ನು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದ ಮೊತ್ತ ಹೇಳಿದೆ. “ಅದರ ಅರ್ಧ ಕೊಡುವಾ. ಮುಂದಿನ ಮನೆಯಲ್ಲಿ ಮೊದಲು ಮೊತ್ತ ಹೇಳಿ, ಪಾಠ ಆಮೇಲೆ,” ಎಂದರು.

ಹಾಗೇ ಮಾಡಿದೆ. ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತುತ್ತಿದ್ದೆ. ವೈದ್ಯರು, ಬಟ್ಟೆ ಅಂಗಡಿಯವರು, ನಿವೃತ್ತ ಅಧಿಕಾರಿಯೊಬ್ಬರು ಎಲ್ಲರೂ ಕೊಟ್ಟರು. ಕೇಳುವುದು ರೂಢಿಯಾಗಿ, ಕೊನೆಕೊನೆಗೆ ಅದರಲ್ಲಿ ಒಂದು ಹುರುಪೂ ಬಂತು. ಮನೆಯಲ್ಲಿ ಅನ್ನ ತಣ್ಣಗಾಗುತ್ತಿತ್ತು, ಉತ್ತರಪತ್ರಿಕೆಗಳು ಮೇಜಿನ ಮೇಲೇ ಉಳಿಯುತ್ತಿದ್ದವು.

ಮುಂಗಡ ಕೊಡುವಷ್ಟು ಕೂಡಿದ ಮೇಲೆ ನಾನೊಬ್ಬಳೇ ಶೆಟಗೇರಿಗೆ ಹೋದೆ. ಖಜಾಂಚಿಗೆ ಆ ದಿನ ರಜೆ ಇರಲಿಲ್ಲ. ಗದ್ದೆಯ ಒಡತಿ ಐವತ್ತು ದಾಟಿದ ಹೆಂಗಸು, ಅಂಗಳದಲ್ಲಿ ಬೀಜದ ಭತ್ತ ಹರವುತ್ತಿದ್ದರು. ಬಂದ ಕೆಲಸ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು:

“ಮಾರೂದು ಅಂತ ನಾ ಯಾರ ಹತ್ರ ಹೇಳಿದ್ದೆ?”

“ನಮ್ಮ ಖಜಾಂಚಿಗೆ ನಿಮ್ಮ ಮೈದುನ ಹೇಳಿದ್ರಂತೆ.”

“ಅವ ಹುಬ್ಬಳ್ಳಿಲಿ ಇರೂದು. ಗದ್ದೆಗೆ ಇಳಿಯೂದು ನಾನು. ಕಟ್ಟೆ ಎರಡು ಕಡೆ ಒಡೆದು ಉಪ್ಪುನೀರು ನುಗ್ತು, ಬೆಳೆ ಹೋಯ್ತು. ಅದಕ್ಕೇ ಅವ ಮಾರುವಾ ಅಂದ. ಕಟ್ಟೆ ನಿಂತ್ರೆ ನಾ ಎಂತಕ್ಕೆ ಮಾರ್ಲಿ?” ಒಳಗಿನಿಂದ ನೀರು ತಂದುಕೊಟ್ಟು, “ಊರೆಲ್ಲ ತಿರುಗಿ ಕೇಳಿದ್ರಲ್ಲ, ನನ್ನ ಹತ್ರ ಒಂದು ಮಾತು ಕೇಳ್ಲಾಗಿತ್ತು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾಚಿಕೆಯಾಯಿತು. ಆ ನಾಚಿಕೆಯಲ್ಲೇ, “ಕಟ್ಟೆ ನಾವು ಕಟ್ಟಿಸಿ ಕೊಡ್ತೇವೆ. ಸೀಗಡಿ ಕೆರೆಗೆ ಮಾತ್ರ ಕೊಡಬೇಡಿ,” ಎಂದುಬಿಟ್ಟೆ. ಅವರು ಒಪ್ಪಿದರು.

ಭಾನುವಾರ ಸಭೆ ಸೇರಿದಾಗ ಖಜಾಂಚಿ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಕೆಳಗಿಟ್ಟರು. “ಭೂಮಿ ಕೊಳ್ತೇವೆ ಅಂತ ಹೇಳಿ ದುಡ್ಡು ತಂದದ್ದು. ಬೇರೆಯವರ ಗದ್ದೆಗೆ ಕಟ್ಟೆ ಹಾಕ್ತೇವೆ ಅಂತ ನೀವೊಬ್ಬರೇ ಮಾತು ಕೊಟ್ಟು ಬಂದ್ರಿ. ನಮ್ಮನ್ನ ಕೇಳಿದ್ರಾ?” ವಿಷಯವನ್ನು ಮತಕ್ಕೆ ಹಾಕಿದೆ. ಕೈ ಎತ್ತಿಸಿ ನೋಡಿದಾಗ ಕಟ್ಟೆಯ ಪರವಾಗಿ ಒಬ್ಬರು ಹೆಚ್ಚಿದ್ದರು. ಆ ಒಬ್ಬಳು ನಾನೇ. ವಾರದೊಳಗೆ ಖಜಾಂಚಿಯ ರಾಜೀನಾಮೆ ಅಂಚೆಯಲ್ಲಿ ಬಂತು.

ಕೊಟ್ಟವರ ಮನೆಗಳಿಗೆಲ್ಲ ಮತ್ತೆ ಹೋದೆ. ಕೇಳಲು ಹೋಗುವುದಕ್ಕಿಂತ ಅದು ಕಷ್ಟ. ನಿವೃತ್ತ ಅಧಿಕಾರಿ ವಾಪಸ್ ಕೇಳಿದರು, ಕೊಟ್ಟೆವು. ಟ್ರಾಲರ್ ಮಾಲೀಕರು, “ಭೂಮಿ ನಿಮ್ಮ ಹೆಸರಿಗೆ ಬರೂದಿಲ್ಲ, ಅಲ್ವಾ? ಹಾಗಾದ್ರೆ ನಂಬಿಕೆ ಮೇಲೆ ಕೊಡಬೇಕು,” ಎಂದವರೇ, “ಇರ್ಲಿ, ಕಟ್ಟಿ,” ಎಂದರು.

ಮೇ ತಿಂಗಳ ಬಿಸಿಲಲ್ಲಿ ಊರವರೇ ಕೆಲಸಕ್ಕೆ ನಿಂತು ಕಲ್ಲು, ಜೇಡಿಮಣ್ಣು ಹಾಕಿ ಕಟ್ಟೆ ಎಬ್ಬಿಸಿದರು. ನಾನು ದಿನ ಬಿಟ್ಟು ದಿನ ಹೋಗಿ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಮೊದಲ ದೊಡ್ಡ ಮಳೆಗೆ ಕಟ್ಟೆ ನಿಂತಿತು, ಆ ವರ್ಷ ಕಗ್ಗ ತೆನೆಬಿಟ್ಟಿತು. ಮರುವರ್ಷ ಒಂದು ಕಡೆ ಮತ್ತೆ ಕುಸಿಯಿತು. ಗದ್ದೆಯ ಒಡತಿಯೇ ಮಂದಿ ಸೇರಿಸಿ ರಿಪೇರಿ ಮಾಡಿಕೊಂಡರು. ಪಕ್ಕದ ಗಜನಿಯನ್ನು ನಮ್ಮಿಂದ ಉಳಿಸಲಾಗಲಿಲ್ಲ, ಅದು ಸೀಗಡಿ ಕೆರೆಯಾಯಿತು.

ಮುಂದೊಮ್ಮೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಖಜಾಂಚಿ ಸಿಕ್ಕರು.

“ಕಟ್ಟೆ ಉಂಟಾ?” ಕೇಳಿದರು.

“ಉಂಟು.”

“ಒಳ್ಳೇದಾಯ್ತು.”

ಅವತ್ತು ನಿಮ್ಮನ್ನು ಕೇಳಬೇಕಿತ್ತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕದ್ರಾ ಬಸ್ಸು ಬಂತು, ಅವರು ಹತ್ತಿ ಹೋದರು. ಅವರ ವಿಳಾಸ ನನ್ನ ಹತ್ತಿರ ಇತ್ತು. ಪತ್ರ ಬರೆಯಲಿಲ್ಲ.