ಸಾಂಬಾರಿನ ಖಾರ ಕಡಿಮೆಯಾದ ವರ್ಷ

ವಡೋದರದ ಗೋರ್ವಾದಲ್ಲಿರುವ ಅಣ್ಣನ ಹೋಟೆಲಿನಲ್ಲಿ ಸಾಂಬಾರಿನ ಖಾರ ಇಳಿಯುತ್ತಿದೆ ಎಂದು ಮೊದಲು ಗಮನಿಸಿದವರು ಗಿರಾಕಿಗಳು. ಅವರಿಗೆ ಅದು ಸಂತೋಷದ ಸಂಗತಿಯೇ ಆಗಿತ್ತು. ಎದುರಿನ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಬಟ್ಟಲನ್ನೇ ಎತ್ತಿ ಕುಡಿದು, "ಅನ್ನಾ, ಹವೇ ಬರಾಬರ್ ಛೇ" ಎಂದರು. ಈಗ ಸರಿಯಾಯಿತು ನೋಡು ಎಂದು ಅದರ ಅರ್ಥ. ಖಾರದ ಮೆಣಸನ್ನು ಊರಿನಿಂದಲೇ ತರಿಸಿ, ಇಲ್ಲಿಯ ನಾಲಿಗೆಗೆ ತಲೆಬಾಗುವುದಿಲ್ಲ ಎಂದು ಹಟ ಹಿಡಿದಿದ್ದ ಮನುಷ್ಯ ಅಣ್ಣ. ಕೊನೆಗೂ ವ್ಯಾಪಾರ ಕಲಿತ ಎಂದುಕೊಂಡರು ಎಲ್ಲರೂ. ಭಾನುವಾರ ಮೇಜುಗಳಿಗಾಗಿ ಜನ ಕಾಯತೊಡಗಿದರು.

ನಾನು ಅಹಮದಾಬಾದಿನಲ್ಲಿ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡುತ್ತೇನೆ. ರಜೆ ಸಿಕ್ಕಾಗ ಬೆಳಗಿನ ರೈಲು ಹಿಡಿದು ಅಣ್ಣನ ಮನೆಗೆ ಹೋಗುವುದು ರೂಢಿ. ಅವನ ಹೋಟೆಲಿನಲ್ಲಿ ಒಂದು ಕ್ರಮವಿದೆ. ಬಾಗಿಲು ತೆರೆಯುವ ಮೊದಲು ಅಡುಗೆಯವರು ಸಾಂಬಾರಿನ ಸೌಟು ಹಿಡಿದು ನಿಲ್ಲುತ್ತಾರೆ. ಅಣ್ಣ ಅಂಗೈಗೆ ಒಂದಿಷ್ಟು ಹಾಕಿಸಿಕೊಂಡು ನೆಕ್ಕುತ್ತಾನೆ. ಅವನು ತಲೆಯಾಡಿಸುವವರೆಗೆ ಒಂದು ಬಟ್ಟಲೂ ಹೊರಗೆ ಹೋಗುವಂತಿಲ್ಲ. ಉಳಿದ ಯಾರ ನಾಲಿಗೆಗೂ ಅಲ್ಲಿ ಬೆಲೆ ಇಲ್ಲ.

ನಾನು ಹೋದ ಒಂದು ಭಾನುವಾರ ಅವನು ನೆಕ್ಕಿದವನೇ ಮುಖ ಕಿವುಚಿದ. "ಈ ಸಲದ ಮೆಣಸು ಜೋರುಂಟು. ಇನ್ನೂ ಸ್ವಲ್ಪ ಕಮ್ಮಿ ಮಾಡಿ."

ನಾನು ರುಚಿ ನೋಡಿದೆ. ಖಾರವೇ ಇರಲಿಲ್ಲ. ಅಡುಗೆಯವರ ಮುಖ ನೋಡಿದೆ. ಅವರು ಬೆಲ್ಲದ ಡಬ್ಬಿಯತ್ತ ತಿರುಗಿಕೊಂಡರು.

"ಮನೆಯಲ್ಲಿ ಬರೀ ಮೊಸರನ್ನ. ಉಪ್ಪಿನಕಾಯಿ ಮುಟ್ಟುದೇ ಇಲ್ಲ," ಎಂದರು ಅತ್ತಿಗೆ. "ಕೇಳಿದ್ರೆ ಬಾಯಿಹುಣ್ಣು, ಬಿ ವಿಟಮಿನ್ ಗುಳಿಗೆ ಸಾಕು ಅಂತಾರೆ. ಗುಳಿಗೆ ಶುರು ಮಾಡಿದ್ದು ದೀಪಾವಳಿಗೆ. ಈಗ ಹೋಳಿ ಬಂತು."

ಅದೇ ಭಾನುವಾರ ಹೋಟೆಲಿನ ಮೇಲಿನ ಹಾಲ್‌ನಲ್ಲಿ ಬಾಯಿಯ ಕ್ಯಾನ್ಸರ್ ತಪಾಸಣೆಯ ಶಿಬಿರವಿತ್ತು. ಸುತ್ತಲಿನ ಕಾರ್ಖಾನೆಗಳ ಕೆಲಸಗಾರರಿಗಾಗಿ ದಂತವೈದ್ಯರ ಗುಂಪೊಂದು ಜಾಗ ಕೇಳಿತ್ತು. ಅಣ್ಣ ಜಾಗದ ಜೊತೆಗೆ ಉಪ್ಪಿಟ್ಟು, ಚಹಾ ಕೂಡ ಒಪ್ಪಿಕೊಂಡಿದ್ದ. ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರ ಕಿಸೆಯಲ್ಲಿ ಮಾವಾ ಇತ್ತು. ಅಡಿಕೆಚೂರು, ಸುಣ್ಣ, ತಂಬಾಕು ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿದ ಪೊಟ್ಟಣ. ಅಣ್ಣ ಅವರಿಗೆ ಚಹಾ ಕೊಡುತ್ತ, ಹೊರಗೆ ಉಗಿದು ಬನ್ನಿ ಎಂದು ಗದರಿಸುತ್ತ ಓಡಾಡುತ್ತಿದ್ದ.

ಶಿಬಿರದ ವೈದ್ಯೆ ಎಳೆಯ ವಯಸ್ಸಿನವರು. ಸಾಲಿನಲ್ಲಿದ್ದವರಿಗೆ ಒಂದು ಸರಳ ಪರೀಕ್ಷೆ ಹೇಳಿದರು: ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ಹಲ್ಲುಗಳ ನಡುವೆ ಹೋಗುತ್ತದೆಯೇ ನೋಡಿ. ನಗೆಯೋ ನಗೆ. ಒಬ್ಬ ಪಕ್ಕದವನ ಬಾಯಿಗೇ ಬೆರಳು ತುರುಕಲು ಹೋದ. ಅಣ್ಣ ಚಹಾದ ಪಾತ್ರೆಯ ಬಳಿ ಸಾಲಿಗೆ ಬೆನ್ನು ಮಾಡಿ ನಿಂತಿದ್ದ. ಅವನ ಮೊಣಕೈ ಮೇಲಕ್ಕೆದ್ದದ್ದು ನನಗೆ ಕಂಡಿತು. ಪಕ್ಕಕ್ಕೆ ಹೋಗಿ ನೋಡಿದೆ. ಎರಡು ಬೆರಳು ಹೋಗಿದ್ದವು. ಮೂರನೆಯದು ಹೋಗಲಿಲ್ಲ.

"ಅಣ್ಣ, ನೀನೂ ಕೂತ್ಕೊ ಅಲ್ಲಿ."

"ನಂಗೆಂತದು? ನಾನು ಮಾವಾ ತಿನ್ತೇನಾ?"

"ಅಡಿಕೆ ತಿನ್ತಿಯಲ್ಲ, ದಿನವಿಡೀ."

"ಅಡಿಕೆಯಾ! ದೇವರ ಎದುರು ಇಡುದು ಅದನ್ನೇ ಮಾರಾಯ್ತಿ. ಹೊಗೆಸೊಪ್ಪು ಬಿಟ್ಟು ಯಾವ ಕಾಲ ಆಯ್ತು!"

ಹಿಂದಿನಿಂದ ಅತ್ತಿಗೆ, "ದೇವರು ಅದನ್ನು ಕೆನ್ನೆಯಲ್ಲಿ ಇಟ್ಕೊಂಡು ಮಲಗುದಿಲ್ಲ" ಎಂದರು.

ಭಾಷೆ ತಿಳಿಯದಿದ್ದರೂ ಸಾಲು ನಕ್ಕಿತು. ಕಾಲೇಜಿಗೆ ಹೋಗುವ ಅಣ್ಣನ ಮಗಳು ಅವನ ಕೈಯಿಂದ ಲೋಟದ ತಟ್ಟೆ ಕಿತ್ತುಕೊಂಡಳು. "ಪಪ್ಪಾ, ಚಾಲೋ. ಎಲ್ಲರೂ ನೋಡ್ತಾ ಇದ್ದಾರೆ, ಸೀನ್ ಮಾಡ್ಬೇಡಿ." ಮಗಳ ಮಾತಿಗಿಂತ ನೋಡುತ್ತಿದ್ದ ಗಿರಾಕಿಗಳಿಗೆ ಅಂಜಿ ಅವನು ಕುರ್ಚಿಯಲ್ಲಿ ಕುಳಿತ.

ವೈದ್ಯೆ ಟಾರ್ಚ್ ಹಾಕಿದರು. ಎಡಗೆನ್ನೆಯ ಒಳಭಾಗವನ್ನು ಬೆರಳಿನಿಂದ ಒತ್ತಿ ನೋಡಿದರು. ಉಳಿದವರಿಗೆ ಮಾಡಿದ್ದಕ್ಕಿಂತ ಹೆಚ್ಚು ಹೊತ್ತಾಯಿತು. ಆಮೇಲೆ ಕೇಳಿದರು: "ಕಾಕಾ, ತೀಖು ಖವಾಯ್ ಛೇ?" ಖಾರ ತಿನ್ನಲು ಆಗುತ್ತದೆಯೇ?

ಅಣ್ಣ ಉಪ್ಪಿಟ್ಟು ಬಡಿಸುತ್ತಿದ್ದ ಅಡುಗೆಯವರತ್ತ ನೋಡಿದ. "ನಾ," ಇಲ್ಲ, ಎಂದ.

ವೈದ್ಯೆ ಹಿಂದಿಯಲ್ಲಿ ವಿವರಿಸಿದರು. ತಂಬಾಕು ಬೇಕೆಂದೇನೂ ಇಲ್ಲ, ಅಡಿಕೆಯೊಂದೇ ಸಾಕು. ಕೆನ್ನೆಯ ಒಳಪದರ ಗಡುಸಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ. ಅಂಥ ಬಾಯಿಯಲ್ಲಿ ವಾಸಿಯಾಗದ ಹುಣ್ಣು ಇದ್ದರೆ ಕಾಯಬಾರದು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಅದು ಕ್ಯಾನ್ಸರೋ ಅಲ್ಲವೋ ಆಗಲೇ ತಿಳಿಯುವುದು.

ಅಣ್ಣ ಕನ್ನಡದಲ್ಲಿ, ಯಾರನ್ನೂ ನೋಡದೆ ಕೇಳಿದ: "ಹಾಗಾದ್ರೆ ಮೆಣಸು ಜೋರಿರ್ಲಿಲ್ವಾ?"

ಅತ್ತಿಗೆ ವೈದ್ಯೆ ಬರೆದ ಚೀಟಿಯನ್ನು ತೆಗೆದುಕೊಂಡರು.

ಮುಂದಿನ ದಿನಗಳಲ್ಲಿ ಅವನಿಗೆ ಕಾರಣಗಳಿಗೆ ಬರವಿರಲಿಲ್ಲ. ರುಬ್ಬುವ ಯಂತ್ರ ಕೆಟ್ಟಿದೆ ಎಂದ. ಏಕಾದಶಿ ಎಂದ. ಚಾಕು ತಾಗಿಸಿದರೆ ಇಲ್ಲದ ಕಾಯಿಲೆಯೂ ಹಬ್ಬುತ್ತದಂತೆ ಎಂದ. ನಾನು ವಾದ ಮಾಡದೆ ಅಹಮದಾಬಾದಿನ ಆಸ್ಪತ್ರೆಯಲ್ಲಿ ಸಮಯ ಗೊತ್ತು ಮಾಡಿ ಅವನಿಗೆ ತಿಳಿಸಿದೆ. ಅತ್ತಿಗೆ ಚೀಲ ತುಂಬಿ ಬಾಗಿಲಲ್ಲಿಟ್ಟರು. ಅವನು ಬಂದ. ಚೂರು ತೆಗೆದರು, ಸ್ಕ್ಯಾನ್ ಮಾಡಿದರು. ಅದೇ ಸಂಜೆ ಅವನು ವಾಪಸು ಹೊರಟುಬಿಟ್ಟ.

ಆಮೇಲೆ ಕಾಯುವುದು. ಖಚಿತವಾಗದ ಸುದ್ದಿಯನ್ನು ಬದಿಗಿಡುವುದು ನನ್ನ ಕಸುಬು. ಮನೆಯ ಸುದ್ದಿಗೆ ಅದು ನಡೆಯಲಿಲ್ಲ. ಪುಟ ಓದುತ್ತಿದ್ದವಳು ಎದ್ದು ಮೆಟ್ಟಿಲಿಗೆ ಹೋಗಿ ಪ್ರಯೋಗಾಲಯಕ್ಕೆ ಫೋನ್ ಮಾಡುತ್ತಿದ್ದೆ. "ಹಜು ವಾರ್ ಛೇ," ಇನ್ನೂ ತಡವಿದೆ, ಎನ್ನುತ್ತಿತ್ತು ಅತ್ತಲಿನ ದನಿ. ಇಟ್ಟ ಕೂಡಲೇ ಅತ್ತಿಗೆಯ ಕರೆ. "ಬಂತಾ?" ಎಂದು ಇಬ್ಬರೂ ಒಟ್ಟಿಗೇ ಕೇಳುತ್ತಿದ್ದೆವು.

ಅಣ್ಣ ಅಲ್ಲಿ ಕಾಲು ಸುಟ್ಟವನಂತೆ ತಿರುಗುತ್ತಿದ್ದನಂತೆ. ಫ್ರಿಜ್ ರಿಪೇರಿಗೆ ಬಂದವನ ಜೊತೆ ಜಗಳ, ಹಾಲಿನವನ ಜೊತೆ ಜಗಳ. ಒಂದು ಬೆಳಿಗ್ಗೆ ಅಡುಗೆಯವರನ್ನು ಸರಿಸಿ, ರುಚಿಯನ್ನೂ ನೋಡದೆ, ಕೈಯಳತೆಯಲ್ಲೇ ಹಳೆಯ ಖಾರದ ಸಾಂಬಾರು ಮಾಡಿದ. ಗಿರಾಕಿಗಳು ಬಟ್ಟಲು ದೂಡಿದರು. "ಅನ್ನಾ, ಆ ಶು?" ಇದೇನಿದು, ಎಂದು ಮೇಲ್ವಿಚಾರಕರು ನೀರಿಗೆ ಕೈ ಚಾಚಿದರು.

"ಅದೇ ಸಾಂಬಾರು. ಇಷ್ಟು ದಿನ ಕೊಟ್ಟದ್ದು ನನ್ನ ಹುಣ್ಣಿನ ಪಥ್ಯ," ಎಂದನಂತೆ ಅಣ್ಣ. ಫೋನಿನಲ್ಲಿ ಇದನ್ನು ಹೇಳುತ್ತ ಅತ್ತಿಗೆ ನಕ್ಕರು, ಆಮೇಲೆ ಅತ್ತರು.

ವರದಿ ಬಂದ ದಿನ ಆಸ್ಪತ್ರೆಯ ವೈದ್ಯರು ನಮ್ಮ ನಾಲ್ವರನ್ನೂ ಕೂರಿಸಿ ಹೇಳಿದರು. ಕ್ಯಾನ್ಸರ್ ಹೌದು. ಗಾತ್ರ ಚಿಕ್ಕದು. ಸ್ಕ್ಯಾನ್‌ನಲ್ಲಿ ಕುತ್ತಿಗೆಯ ಗಂಟುಗಳಿಗೆ ಹರಡಿದಂತೆ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆ ಬೇಕು. ರೇಡಿಯೇಷನ್ ಬೇಕೋ ಬೇಡವೋ ಆಮೇಲೆ ತೀರ್ಮಾನ.

"ರುಚಿ ಗೊತ್ತಾಗ್ತದಾ?" ಎಂದು ಅಣ್ಣ ಕೇಳಿದ್ದನ್ನು ನಾನು ವೈದ್ಯರಿಗೆ ಹಿಂದಿಯಲ್ಲಿ ಹೇಳಿದೆ.

"ಉಳೀತಾರಾ ಕೇಳು," ಎಂದರು ಅತ್ತಿಗೆ. ಅದನ್ನೂ ಹೇಳಿದೆ.

ನಾಲಿಗೆಯನ್ನು ಮುಟ್ಟುವುದಿಲ್ಲ ಎಂದು ಮೊದಲನೆಯದಕ್ಕೆ ಉತ್ತರ ಸಿಕ್ಕಿತು. ಎರಡನೆಯದಕ್ಕೆ, ಗುಣವಾಗುವ ಸಾಧ್ಯತೆ ಚೆನ್ನಾಗಿದೆ, ಮಾತು ಕೊಡಲಾರೆ, ಇನ್ನೊಂದು ಮಳೆಗಾಲ ಕಳೆದು ಬಂದಿದ್ದರೆ ಬೇರೆ ಥರ ಮಾತಾಡಬೇಕಿತ್ತು ಎಂದರು.

ಶಸ್ತ್ರಚಿಕಿತ್ಸೆಯ ನಂತರ ಅಣ್ಣ, ಅತ್ತಿಗೆ ನನ್ನ ಮನೆಯಲ್ಲೇ ಉಳಿದರು. ರೇಡಿಯೇಷನ್ ಸದ್ಯಕ್ಕೆ ಬೇಡವೆಂದರು, ಆದರೆ ಬಾಯಿ ಮತ್ತೆ ಬಿಗಿಯದಂತೆ ದಿನವೂ ವ್ಯಾಯಾಮ ಮಾಡಬೇಕು. ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಕೂರುವುದು, ಸಡಿಲವಾದಂತೆ ಇನ್ನೊಂದು ತೂರಿಸುವುದು. ನೋವಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಹೊತ್ತಿನಲ್ಲಿ ಅವನು ಮಾತಾಡುವಂತಿರಲಿಲ್ಲವಾದ್ದರಿಂದ ಅತ್ತಿಗೆ ಮದುವೆಯಾದಂದಿನಿಂದ ಉಳಿಸಿಕೊಂಡದ್ದನ್ನೆಲ್ಲ ಹೇಳಿ ಮುಗಿಸುತ್ತಿದ್ದರು. "ಈಗ ಹೇಳಿ ನೋಡುವಾ, ಎದುರು ಮಾತು!"

ಮೊದಲ ಮರುತಪಾಸಣೆಯ ಬೆಳಿಗ್ಗೆ ನಾವು ಹೊರಡಲು ಸಿದ್ಧರಾಗಿದ್ದೆವು. ರೋಗ ಮರಳಿದೆಯೇ ಎಂದು ಅಂದು ನೋಡುವವರಿದ್ದರು. ಅಣ್ಣ ಕಡ್ಡಿ ಕಚ್ಚಿಕೊಂಡೇ ಬಾಲ್ಕನಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬಾಲ್ಕನಿಗೆ ತಿರುಗುತ್ತಿದ್ದ. ವಡೋದರದಿಂದ ಬಂದಿದ್ದ ಮಗಳ ಮುಂದೆ ನಿಂತು ಬೆರಳೆತ್ತಿದ. ಇನ್ನೊಂದು ತೂರಿಸು.

"ಇವತ್ತಿಗೆ ಸಾಕು ಪಪ್ಪಾ. ರಕ್ತ ಬರ್ತಾ ಇದೆ."

ಅವನು ಬೆರಳನ್ನು ಇಳಿಸಲಿಲ್ಲ. ಕೆಳಗೆ ಆಟೊ ಬಂದು ಹಾರ್ನ್ ಹೊಡೆಯಿತು. ಅವಳು ಇನ್ನೊಂದು ಕಡ್ಡಿ ತೆಗೆದುಕೊಂಡು, ನಿಧಾನವಾಗಿ, ಒತ್ತಿದಳು.