ಕೆಂಪು ಗೆರೆ ಮತ್ತು ಆಯಿಯ ಹೆಸರು

ಬಸಣ್ಣ ಕಾಕಾ ಯಾವ ಗಾಡಿ ಹತ್ತಿದರೂ ಮೊದಲು ನೋಡುತ್ತಿದ್ದದ್ದು ಸ್ಪೀಡಿನ ಮುಳ್ಳು ಎಲ್ಲಿಯವರೆಗೆ ಹೋಗುತ್ತದೆ ಅಂತ. ಸಾಂಗ್ಲಿಯ ಅರಿಶಿನ ವ್ಯಾಪಾರಿ. ವಯಸ್ಸಾದ ಮೇಲೆ ಹಾರಾಟ ಕಲಿತು, ಬಿಡಿಭಾಗ ತರಿಸಿ, ಬುಧಗಾಂವದ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನ ಜೋಡಿಸುತ್ತಿದ್ದರು. ವಿಡಿಯೊ ನೋಡಿ ಈ ಜೋಡಣೆ ಕಲಿತ ನಾನು ವಿಶ್ರಾಮಬಾಗದಿಂದ ಬೈಕಿನಲ್ಲಿ ಹೋಗಿ ಕೈಜೋಡಿಸುತ್ತಿದ್ದೆ. ನಿಜವಾಗಿ ಮಾಡಿದ್ದು ತಲೆ ಚಚ್ಚಿಕೊಳ್ಳುವ ಕೆಲಸ.

ಇದಕ್ಕಿಂತ ಜೋರು ಹೋಗಬಾರದು ಅನ್ನುವ, ವಿಮಾನದ ಸ್ಪೀಡ್ ಮೀಟರಿನ ಕೆಂಪು ಗೆರೆ ಕಂಡರೆ ಅವರಿಗೆ ಸಿಟ್ಟು.

‘ಇಂಜಿನ್ನಿಗೆ ಇನ್ನೂ ದಮ್ ಐತಲ್ಲೋ. ಸುಮ್ನ ಹೆದರಸಾಕ ಹಾಕ್ಯಾರ.’

‘ಅದು ಇಂಜಿನ್ನಿನ ಗೆರಿ ಅಲ್ರಿ ಕಾಕಾ. ದಾಟಿದ್ರ ಬಾಲದಾಗಿನ ಎಲಿವೇಟರ್ ಗಾಳಿಗೆ ಧ್ವಜದಂಗ ಪಟಪಟ ಬಡ್ಕೊಂಡು ಕಿತ್ತು ಹೊಕ್ಕೈತಿ.’

‘ಹೌದೌದು. ಚಹಾ ಹೇಳು.’

ಎಲಿವೇಟರ್ ಅಂದರೆ ಬಾಲದಲ್ಲಿ ಮೇಲೆ ಕೆಳಗೆ ಆಡುವ ಹಲಗೆ. ಅದರ ಕೀಲಿನ ಹಿಂದೆ ಭಾರ ಹೆಚ್ಚಾದರೆ ಗೆರೆಗಿಂತ ಎಷ್ಟೋ ಮೊದಲೇ ಈ ಬಡಿತ ಶುರುವಾಗುತ್ತದೆ. ಅದಕ್ಕೇ ಮುಂದೆ ಸೀಸದ ತುಂಡು ಕಟ್ಟಿ, ಬೆರಳಲ್ಲಿ ತಳ್ಳಿದರೆ ತಳ್ಳಿದಲ್ಲೇ ನಿಲ್ಲುವಂತೆ ತೂಗಿಸಿಟ್ಟಿದ್ದೆ.

ಮರುವಾರ ಹೋದರೆ, ಕಬ್ಬಿನ ಟ್ರ್ಯಾಲಿಗಳ ಹಿಂದೆ ಬರೆಯುವ ಪೇಂಟರನನ್ನು ಕರೆಸಿ, ದಪ್ಪ ಬಣ್ಣ ಬಳಿಸಿ, ಅದೇ ಹಲಗೆಯ ಮೇಲೆ ‘ಆಯೀಚಾ ಆಶೀರ್ವಾದ’, ಅಂದರೆ ತಾಯಿಯ ಆಶೀರ್ವಾದ, ಅಂತ ಮರಾಠಿಯಲ್ಲಿ ಬರೆಸಿದ್ದರು!

‘ಏನ್ರಿ ಇದು! ಹಿಂದ ಭಾರ ಆತಲ್ರಿ!’

‘ನಮ್ಮ ಆಯಿ ಹೆಸರು ಭಾರ ಆಕ್ಕೈತೇನೋ, ಹುಚ್ಚ್ಯಾ?’

ಹಲಗೆಯನ್ನು ಹಿಡಿದಿದ್ದ ಸರಳು ಬಿಚ್ಚಿ ಕೈಬಿಟ್ಟೆ. ಅದರ ಹಿಂದಿನ ಅಂಚು ದೊಪ್ಪನೆ ಕೆಳಗೆ ಬಿತ್ತು.

‘ಹಿಂಗ ಹಾರಿದ್ರ ನಿಮ್ಮನ್ನ ನಿಮ್ಮ ಅರಿಶಿಣದ ಚೀಲದಾಗ ತುಂಬಿ ತರಬೇಕಾಕ್ಕೈತಿ. ಬಣ್ಣ ಕೆರಿಯೂತನಕ ನಾ ಬರಂಗಿಲ್ಲ.’

‘ಬರಬ್ಯಾಡ, ಹೋಗು!’

ಕೆಲವು ದಿನ ಬಿಟ್ಟು ಫೋನು. ‘ಕೆರದೇನಿ. ಬಾ.’

ಹಲಗೆ ಬೋಳಾಗಿತ್ತು. ಬೆರಳಲ್ಲಿ ತಳ್ಳಿದೆ. ಆದರೂ ಹಿಂದಕ್ಕೇ ವಾಲಿತು. ಯಾಕೆ ಅಂತ ಬಗ್ಗಿ ನೋಡಿದರೆ, ಮುಂದಿನ ಸೀಸದಲ್ಲಿ ಉಳಿ ಹಿಡಿದು ಸೊಟ್ಟಸೊಟ್ಟಾಗಿ ತಾಯಿಯ ಹೆಸರು ಕೆತ್ತಿದ್ದರು.

‘ಮುಂದ ಭಾರ ಬೇಕಂದಿದ್ದೆಲ್ಲ? ಆಯಿನ್ನ ಮುಂದ ಕುಂಡ್ರಿಸೇನಿ.’

‘ಕೆತ್ತಿದ್ದಕ್ಕ ಇದ್ದ ಸೀಸಾನೂ ಉದುರೇತ್ರಿ, ಕಾಕಾ!’

ಮತ್ತೆ ಸೀಸ ಸೇರಿಸಿದೆ, ಮತ್ತೆ ತೂಗಿದೆ. ಹಾರಾಟ ಶುರುವಾದ ಮೇಲೆ ಕಾಕಾ ಆ ಗೆರೆಯ ಹತ್ತಿರವೂ ಹೋಗಲಿಲ್ಲ. ಕೇಳಿದರೆ, ‘ಆಯಿ ಕುಂತಾಳಲ್ಲೋ, ಹೆಂಗ ಓಡಸ್ಲಿ?’ ನಾನು ಗಂಟಲು ಹರಿದುಕೊಂಡಿದ್ದೆಲ್ಲ ನೀರಲ್ಲಿ ಹೋಮ.

ಈ ಬೇಸಿಗೆಯಲ್ಲಿ ಕಾಕಾ ಮನೆಯಲ್ಲೇ, ಮಲಗಿದಲ್ಲೇ ತೀರಿಕೊಂಡರು. ವಿಮಾನ ಶೆಡ್ಡಿನಲ್ಲಿದೆ. ಧೂಳು ಒರೆಸಲು ಹೋದಾಗ ಎಲಿವೇಟರನ್ನು ಬೆರಳಲ್ಲಿ ತಳ್ಳಿ ನೋಡುತ್ತೇನೆ. ತಳ್ಳಿದಲ್ಲೇ ನಿಲ್ಲುತ್ತದೆ. ಎಷ್ಟು ಹುಡುಕಿದರೂ ಬೈಯಲು ಒಂದು ತಪ್ಪೂ ಸಿಗುವುದಿಲ್ಲ.